ವೈಶಾಖದಲ್ಲಿ ಸ್ವೆಟರ್

ಇದನ್ನು ಬರೀಬೇಕಾ ಬೇಡವಾ ಅಂತ ತುಂಬಾ ದಿನ ಯೋಚಿಸಿದೆ, ಯಾಕಂದ್ರೆ ಇದರಲ್ಲಿ ನನ್ನದೂ ಒಂದು ತಪ್ಪಿದೆ. ಮನೆಯವರು ಒಪ್ಪಿದ್ದಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಶಿರಸಿಯಿಂದ ಒಳಗೆ, ದಿನಕ್ಕೆ ಎರಡೇ ಬಸ್ಸಿರುವ ಊರು. ಅಡಿಕೆ ತೋಟದ ಮನೆ. ಹುಡುಗನಿಗೆ 15 ವರ್ಷ, ಆಗಷ್ಟೇ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದಿದ್ದು ಅವನ ಸಿಟ್ಟಿಗೆ, ಊಟದ ವಿಚಾರಕ್ಕಲ್ಲ. "ಮಾತಾಡಿಸಿದರೆ ಹರಿಹಾಯ್ತಾನೆ ಮೇಡಂ, ರಾತ್ರಿ ನಿದ್ದೇನೂ ಇಲ್ಲ" ಅಂದರು ತಾಯಿ. ಐದು ತಿಂಗಳಲ್ಲಿ 88 ಕಿಲೋದಿಂದ 67ಕ್ಕೆ ಇಳಿದಿದ್ದಾನೆ ಅಂತ ನಡುವೆ ಹೆಮ್ಮೆಯಿಂದ ಸೇರಿಸಿದರು. ನಾನೂ "ಓ, ಭಾರೀ ಕಷ್ಟಪಟ್ಟಿದ್ದೀಯಲ್ಲೋ" ಅಂದುಬಿಟ್ಟೆ. ಅವನು ಮೊದಲ ಸಲ ನಕ್ಕ. ನನ್ನ ತಪ್ಪು ಅದೇ.

ಎರಡನೇ ಸಲ ಅಜ್ಜಿಯ ಶನಿವಾರದ ಒಪ್ಪತ್ತಿನ ವಿಷಯ ಬಂತು. ಅಜ್ಜಿ ಜೊತೆ ಇವನೂ ಶುರುಮಾಡಿದ್ದ. ಆಮೇಲೆ ಸೋಮವಾರ ಸೇರಿತು, ಏಕಾದಶಿ ಸೇರಿತು, ಕೊನೆಗೆ ದಿನಾ ಒಪ್ಪತ್ತು. ದೇವರ ಹೆಸರಲ್ಲಿ ಉಪವಾಸ ಮಾಡುವ ಹುಡುಗನನ್ನು ಯಾರು ಬೈತಾರೆ? ಮದುವೆ, ಮುಂಜಿ, ಎಲ್ಲಿ ಹೋದರೂ "ಮಾಣಿ, ಈಗ ಚೊಲೋ ಕಾಣ್ತೆ ನೋಡು" ಅನ್ನುವವರೇ. ಕಳೆದ ವರ್ಷ ಇದೇ ಜನ ಪಂಕ್ತಿಯಲ್ಲಿ ಅವನ ಬಾಳೆ ನೋಡಿ ನಕ್ಕವರು.

ಮೂರನೇ ಸಲ ಬಂದಿದ್ದು ಎಪ್ರಿಲ್ ಕೊನೆಗೆ. ನನ್ನ ಕೋಣೆಯ ಫ್ಯಾನು ಬಿಸಿಗಾಳಿ ಬೀಸುತ್ತಿತ್ತು. ಸುಮ್ನೆ ಮಾತಿಗೆ ಅಂತ, ಆಲೆಮನೆಗೆ ಹೋಗಿದ್ಯೇನೋ ಈ ಸಲ ಅಂತ ಕೇಳಿದೆ. ಹುಡುಗ ಹತ್ತು ನಿಮಿಷ ತೊಡೆದೇವಿನ ಬಗ್ಗೆ ಮಾತಾಡಿದ. ಅಕ್ಕಿ ಎಷ್ಟು ನುಣ್ಣಗಾಗಬೇಕು, ಕಬ್ಬಿನ ಹಾಲು ಎಷ್ಟು ಸೇರಬೇಕು, ಕವುಚಿದ ಮಡಕೆ ಎಷ್ಟು ಕಾಯಬೇಕು, ಹಿಟ್ಟು ಹೇಗೆ ಎಳೆಯಬೇಕು, ಎಲ್ಲಾ. ಮನೆಮಂದಿಗೆಲ್ಲ ತಾನೇ ಮಾಡಿಕೊಟ್ಟಿದ್ದನಂತೆ. ನೀನು ಎಷ್ಟು ತಿಂದೆ ಅಂದೆ.

"ನಾನು ತಿನ್ನಲಿಲ್ಲ. ವಾಸನೆ ಸಾಕಾಗ್ತದೆ."

ರಾತ್ರಿ ಮೊಬೈಲಿನಲ್ಲಿ ನೋಡುತ್ತಿದ್ದುದೂ ಅಡುಗೆ ವಿಡಿಯೋಗಳನ್ನೇ. ನಾನು ಪೆನ್ನು ಕೆಳಗಿಟ್ಟೆ. ಅಷ್ಟರಲ್ಲಿ, ಎರಡು ಸಲವೂ ಬಾಯಲ್ಲಿ ಕವಳ ಇದ್ದವರ ಹಾಗೆ ಸುಮ್ಮನೆ ಕೂತಿದ್ದ ಅಪ್ಪ ಬಾಯಿಬಿಟ್ಟರು. "ಇವ ಈ ಸೆಕೆಯಲ್ಲೂ ಸ್ವೆಟರ್ ಹಾಕಿ ಮಲಗ್ತ ಮೇಡಂ. ನಾನು ಮಲೇರಿಯಾ ಇರ್ಬೇಕು ಅಂದ್ಕೊಂಡಿದ್ದೆ."

ಆಮೇಲೆ ನಾನು ಆಪ್ತಸಲಹೆ ಮಾಡಲಿಲ್ಲ. ಇವತ್ತೇ ಡಾಕ್ಟರ ಹತ್ತಿರ ಹೋಗಿ, ಮಲಗಿದಾಗ ಮತ್ತು ಎದ್ದು ನಿಂತಾಗ ನಾಡಿ, ಬಿಪಿ ನೋಡಿಸಿ, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ನೋಡಿಸಿ ಅಂತ ಚೀಟಿ ಬರೆದೆ. ಇದು ಉಣ್ಣದ ಕಾಯಿಲೆ ಇರಬಹುದು ಅಂದೆ. ತಾಯಿಗೆ ಸಿಟ್ಟು ಬಂತು. "ತೂಕದ ಚಾರ್ಟ್ ಪ್ರಕಾರ ಇನ್ನೂ ಸ್ವಲ್ಪ ಜಾಸ್ತಿನೇ ಇದ್ದಾನೆ, ಉಣ್ಣದ ಕಾಯಿಲೆ ಹೇಗೆ ಬರ್ತದೆ?" ಅಂದರು. ನಾಡಿ ನಿಮಿಷಕ್ಕೆ 46 ಇತ್ತು. ಹಗಲು, ಎಚ್ಚರ ಇದ್ದಾಗ, ಸುಮ್ಮನೆ ಕೂತಲ್ಲಿ 46. ಈ ಕಾಯಿಲೆಯಲ್ಲಿ ಅದು 50ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ ಸೇರಿಸುವ ಯೋಚನೆ ಮಾಡಬೇಕಾಗುತ್ತದೆ. ಹುಬ್ಬಳ್ಳಿಗೆ ಕರೆದೊಯ್ದು ಹನ್ನೊಂದು ದಿನ ಸೇರಿಸಿದರು.

ತಾಯಿಯ ಪ್ರಶ್ನೆ ತಪ್ಪಲ್ಲ, ಅದನ್ನೇ ಎಲ್ಲರೂ ಕೇಳುತ್ತಾರೆ. ಈ ಉಣ್ಣದ ಕಾಯಿಲೆಗೆ ಅನೋರೆಕ್ಸಿಯಾ ಅಂತ ಹೆಸರು. ಅನೋರೆಕ್ಸಿಯಾ ಅಂದರೆ ಎಲುಬು ಕಾಣುವ ಹುಡುಗಿ ಅಂತ ನಮ್ಮ ತಲೆಯಲ್ಲಿದೆ. ದಪ್ಪ ಇದ್ದ ಮಕ್ಕಳು ಬೇಗ ಬೇಗ ತೂಕ ಇಳಿಸಿದರೆ, ನೋಡಲು ಸರಿಯಾಗಿದ್ದರೂ ಒಳಗೆ ದೇಹ ಹಸಿದೇ ಇರುತ್ತದೆ. ನಾಡಿ ಇಳಿಯುತ್ತದೆ, ಚಳಿಯಾಗುತ್ತದೆ, ಕೂದಲು ಉದುರುತ್ತದೆ, ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಇದಕ್ಕೆ ಅಟಿಪಿಕಲ್ ಅನೋರೆಕ್ಸಿಯಾ ಅಂತ ಹೆಸರೇ ಇದೆ. ಅಡುಗೆ ಹುಚ್ಚೂ ಹೊಸದಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆರೋಗ್ಯವಂತ 36 ಗಂಡಸರು ಒಪ್ಪಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರಿಗೂ ಚಳಿ, ಸಿಡುಕು. ಕೆಲವರು ಕೂತು ಅಡುಗೆ ಪುಸ್ತಕ ಓದುತ್ತಿದ್ದರು. ಸಿಟ್ಟು ಹುಡುಗನ ಸ್ವಭಾವ ಆಗಿರಲಿಲ್ಲ, ಹಸಿವಿನದ್ದಾಗಿತ್ತು. ಇಷ್ಟು ಓದಿಕೊಂಡ ನಾನೇ ಮೊದಲ ದಿನ ಅವನನ್ನು ಹೊಗಳಿದೆ ನೋಡಿ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಹೇಳಿದ್ದು ಇಷ್ಟು. ತೂಕದ ಮಷಿನ್ ಅಟ್ಟಕ್ಕೆ ಹಾಕಿ, ತೂಕ ಡಾಕ್ಟರೇ ನೋಡಲಿ. ಮೂರು ಊಟ, ನಡುವೆ ಎರಡು ಸಲ ಏನಾದರೂ, ಎಷ್ಟು ಅನ್ನೋದು ಡಾಕ್ಟರು ಹೇಳಿದಷ್ಟು. ಒಮ್ಮೆಲೇ ತುರುಕಬೇಡಿ, ಬಹಳ ದಿನ ಹಸಿದ ದೇಹಕ್ಕೆ ಅದೂ ಅಪಾಯ. ಬಡಿಸೋದು ತಾಯಿ ಅಥವಾ ಅಪ್ಪ, ಜೊತೆಗೆ ಕೂತು ಉಣ್ಣಿ, ತಟ್ಟೆ ನೋಡಿ ಮಾತು ಬೇಡ. ಒಪ್ಪತ್ತು ಸದ್ಯಕ್ಕೆ ಬಂದ್, ಇದನ್ನು ಅಜ್ಜಿಯೇ ಹೇಳಬೇಕು. ಅಜ್ಜಿ ಒಂದೇ ಮಾತಿಗೆ ಒಪ್ಪಿದರು, ತಕರಾರು ತೆಗೆದದ್ದು ಓದಿದ ಚಿಕ್ಕಪ್ಪ.

"ಮತ್ತೆ ದಪ್ಪ ಆಗಿ ಶುಗರ್ ಬಂದರೆ ನೀವು ಹೊಣೆಯಾ?" ಅಂದರು ಅವರು. ಶುಗರ್ ಸುಳ್ಳಲ್ಲ, ಸ್ಥೂಲಕಾಯದ ತೊಂದರೆಯೂ ಸುಳ್ಳಲ್ಲ, ನಾನೇನು ದಪ್ಪ ಇರೋದೇ ಒಳ್ಳೇದು ಅನ್ನುತ್ತಿಲ್ಲ. ಆದರೆ ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಹೇಳಿದ್ದು ನೋಡಿ: ಹದಿಹರೆಯದಲ್ಲಿ ಡಯಟ್ ಮಾಡೋದು, ಮನೆಯವರು ತೂಕದ ಮಾತಾಡೋದು, ಇವು ಬೊಜ್ಜಿಗೂ ದಾರಿ, ಊಟದ ಕಾಯಿಲೆಗೂ ದಾರಿ. ಅಂದರೆ ಎರಡಕ್ಕೂ ಮದ್ದು ಹೆಚ್ಚುಕಡಿಮೆ ಒಂದೇ, ಒಟ್ಟಿಗೆ ಕೂತು ಊಟ, ಬಾಯಿಗೆ ಬೀಗ. ಚಿಕ್ಕಪ್ಪ ಒಪ್ಪಲಿಲ್ಲ. ಒಪ್ಪದಿದ್ದರೂ ಪರವಾಗಿಲ್ಲ, ಊಟದ ಹೊತ್ತಿಗೆ ಸುಮ್ಮನಿರಿ ಅಂದೆ, ಸ್ವಲ್ಪ ಗಟ್ಟಿಯಾಗಿಯೇ.

ನಿಮ್ಮ ಮನೆಯಲ್ಲಿ ಇಂಥದ್ದಿದ್ದು ಹತ್ತಿರ ಯಾರೂ ಸಿಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ತಲೆ ತಿರುಗಿ ಬಿದ್ದರೆ ಮಾತ್ರ ಫೋನಲ್ಲ, ಸೀದಾ ಆಸ್ಪತ್ರೆ.

ಹುಡುಗ ಈಗಲೂ ಬರುತ್ತಾನೆ. ನಾಡಿ 62. ಹೋದ ವಾರ ತಾಯಿ ಫೋನ್ ಮಾಡಿದ್ದರು. ಯಾವುದೋ ಗೃಹಪ್ರವೇಶದಲ್ಲಿ ಯಾರೋ "ಮತ್ತೆ ತುಂಬಿಕೊಂಡ್ಯಲ್ಲೋ" ಅಂದರಂತೆ. ಆ ರಾತ್ರಿ ಉಣ್ಣಲಿಲ್ಲವಂತೆ. ಬೆಳಿಗ್ಗೆ ಅಪ್ಪ ಏನೂ ಮಾತಾಡದೆ ತಟ್ಟೆ ಇಟ್ಟುಕೊಂಡು ಅವನ ಪಕ್ಕ ಕೂತರಂತೆ. ಎರಡು ತೆಳ್ಳೇವು ತಿಂದ, ಅರ್ಧ ಗಂಟೆ ಹಿಡೀತು ಅಂದರು.