ಊರಿಗೆ ಮರಳಿದ ತಮ್ಮ, ಮೊದಲಿನಿಂದಲೂ ಇದ್ದ ಅಕ್ಕ

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರೊಬ್ಬರ ಕತೆ ಇದು; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಹಿಮಾಚಲ, ಲಡಾಖ್ ಕಡೆ ಸಿಕ್ಕ ಕೆಲಸ ಮಾಡಿಕೊಂಡು ತಿರುಗುತ್ತಿದ್ದ ಮೂವತ್ತು ದಾಟಿದ ಯುವಕರೊಬ್ಬರು, ಪಾಂಡವಪುರ ತಾಲ್ಲೂಕಿನ ತಮ್ಮ ಊರಿನಲ್ಲಿ ತಂದೆಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲಿನ ಸ್ವಾಧೀನ ತಪ್ಪಿ ಮಾತೂ ಹೊರಡದಂತಾದಾಗ ಮನೆಗೆ ಮರಳಿದ್ದರು. ತಾಯಿ ತೀರಿಕೊಂಡ ಮನೆ. ಬಂದ ಕೆಲವೇ ದಿನಗಳಲ್ಲಿ, ಇನ್ನು ಎಲ್ಲಿಗೂ ಹೋಗುವುದಿಲ್ಲ, ಗದ್ದೆ ತಾನೇ ನೋಡಿಕೊಳ್ಳುತ್ತೇನೆ ಎಂದು ಸಾರಿಬಿಟ್ಟರು. ಅಲ್ಲಿಂದ ನಿದ್ದೆ ಕೆಟ್ಟಿತು, ಅಕ್ಕನೊಡನೆ ಜಗಳ ಹೆಚ್ಚಿತು. ಮೈಸೂರಿಗೆ ನನ್ನ ಬಳಿ ಬಂದರು.

"ಇಷ್ಟು ವರ್ಷ ಅಲೆದಿದ್ದಕ್ಕೆ ಈಗ ಅಪ್ಪನ ಋಣ ತೀರಿಸ್ಬೇಕು ಮೇಡಂ" ಎಂದರು. ಆ ವರ್ಷಗಳಲ್ಲೆಲ್ಲ ಮದ್ದೂರಿನ ಗಂಡನ ಮನೆಯಿಂದ ಬಂದು ಹೋಗುತ್ತ ಮಾತ್ರೆ, ಆಸ್ಪತ್ರೆ, ಕೂಲಿಯಾಳುಗಳ ಬಟವಾಡೆ ನಿಭಾಯಿಸಿದ್ದ ಅಕ್ಕನ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. ಮುಂದಿನ ಭೇಟಿಗೆ ಅಕ್ಕನನ್ನೂ ಕರೆಸಿದೆ.

ಆಕೆಯ ದೂರು ನಾನು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು. "ನೀನು ಬಂದಿದ್ದು ಒಳ್ಳೇದೇ ಕಣೋ. ಆದ್ರೆ ಅಪ್ಪನ ಅಂಗಿ ಗುಂಡಿನೂ ನೀನೇ ಹಾಕ್ಬಿಡ್ತೀಯ. ಎಷ್ಟೊತ್ತಾದ್ರೂ ಅಪ್ಪನೇ ಹಾಕ್ಕೊಳ್ಲಿ ಅಂತ ಫಿಸಿಯೋದವ್ರು ಹೇಳಿಲ್ವಾ?" ತಮ್ಮ ತಲೆ ತಗ್ಗಿಸಿದರು. ಗುಂಡಿಯಂತೆಯೇ ಗದ್ದೆಯ ವಿಷಯದಲ್ಲೂ ಅವರು ತಂದೆಯನ್ನು ಕೇಳಿರಲಿಲ್ಲ.

ಪಾರ್ಶ್ವವಾಯುವಿನ ನಂತರದ ಚೇತರಿಕೆ ಮೊದಲ 3 ತಿಂಗಳಲ್ಲಿ ಹೆಚ್ಚು ವೇಗವಾಗಿದ್ದು, ಆಮೇಲೆ ನಿಧಾನವಾದರೂ ಮುಂದುವರಿಯುತ್ತದೆ. ಆದ್ದರಿಂದ ತಂದೆಗೆ ಎಷ್ಟು ನೆರವು ಬೇಕೆಂಬುದು ತಿಳಿಯುವ ಮೊದಲೇ ಇಡೀ ಬದುಕಿನ ತೀರ್ಮಾನ ಬೇಡವೆಂದೂ, ಗದ್ದೆಯಲ್ಲಿರುವ ಕೂಳೆ ಕಬ್ಬು (ಹಿಂದಿನ ಬೆಳೆ ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು) ಕಡಿಯುವವರೆಗೆ ಆ ತೀರ್ಮಾನವನ್ನು ಮುಂದೂಡಬೇಕೆಂದೂ ಸಲಹೆ ಕೊಟ್ಟೆ. ಮಾತು ಹೊರಡದವರಿಗೆ ಬುದ್ಧಿಯೂ ಹೋಗಿದೆ ಎಂದುಕೊಳ್ಳುವುದು ತಪ್ಪು. ಹೌದು, ಅಲ್ಲ ಎಂದು ತಲೆಯಾಡಿಸಿ ಉತ್ತರಿಸಬಹುದಾದ ಚಿಕ್ಕ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಎಂದೆ. ವಾರದಲ್ಲಿ ಎರಡು ದಿನ ಅಕ್ಕನ ಪಾಲಿಗೆ ಬಿಟ್ಟು, ಆ ದಿನ ಮನೆಯಿಂದ ಹೊರಗಿರಲು ತಮ್ಮನಿಗೆ ಹೇಳಿದೆ. ತಿರುಗಾಟವನ್ನು ಪಾಪವೆಂದು ಬಗೆದು ಪೂರ್ತಿ ತೊರೆದವರು ಮುಂದೊಂದು ದಿನ ಆ ಸಿಟ್ಟನ್ನು ರೋಗಿಯ ಮೇಲೆ ತೀರಿಸಿಕೊಳ್ಳುವುದನ್ನು ಕಂಡಿದ್ದೇನೆ. ನಿದ್ದೆ ಬಾರದ ರಾತ್ರಿ ಮನಸ್ಸು ತಡೆಯದಾದರೆ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ತಿಳಿಸಿದೆ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ನೆಂಟರಿಗೆ ಉತ್ತರಿಸುವ ಅಗತ್ಯ ಕಾಣಲಿಲ್ಲ.

ಗದ್ದೆಯಲ್ಲಿ ಅರ್ಧವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ಬೇರೆಯವರಿಗೆ ಸಾಗುವಳಿಗೆ, ಕೊಡಲು ತಂದೆ ತಲೆಯಾಡಿಸಿ ಒಪ್ಪಿದ್ದಾರೆ. ಉಳಿದರ್ಧದ ಮಾತು ಇನ್ನೂ ನಡೆದಿದೆ.