‘ಅದು ಡಾಕ್ಟರ್ ಕೆಲಸ, ನಿನಗ್ಯಾಕ?’

ಕಲಬುರಗಿಯ ಆಸ್ಪತ್ರೆಯೊಂದರ ಐಸಿಯುನಲ್ಲಿ ನರ್ಸ್ ಆಗಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಎಂಎಸ್ಸಿ ನರ್ಸಿಂಗ್ ಮುಗಿದಿದೆ. ಕೊನೆಗಾಲದ ರೋಗಿಗಳ ಚಿಕಿತ್ಸೆ ಬಗ್ಗೆ ಮನೆಯವರು ಹೇಗೆ ತೀರ್ಮಾನಕ್ಕೆ ಬರುತ್ತಾರೆ ಎಂಬುದರ ಮೇಲೆ ಪಿಎಚ್‌ಡಿ ಮಾಡುವ ಆಸೆ. ಜೊತೆಯವರು ಮೇಲಿನ ಮಾತು ಹೇಳಿ ನಗುತ್ತಾರಂತೆ.

ನಗಲಿ ಬಿಡಿ. ಸಹಿ ಹಾಕುವುದು ಡಾಕ್ಟರ್, ನಿಜ. ಆದರೆ ರೌಂಡ್ಸ್ ಬೇಗ ಮುಗಿಯುತ್ತದೆ. ಆಮೇಲೆ ಸೇಡಂನಿಂದಲೋ ಆಳಂದದಿಂದಲೋ ಬಂದ ಮಗ ಬಾಗಿಲ ಹತ್ತಿರ ನಿಂತು, ‘ಸಿಸ್ಟರ್, ಖರೇ ಹೇಳ್ರಿ, ಮನಿಗಿ ಒಯ್ಯೋಣೇನ್ರಿ?’ ಎಂದು ಕೇಳುವುದು ನಿಮ್ಮನ್ನೇ ಅಲ್ವಾ? ಕೇಸ್ ಶೀಟಿನಲ್ಲಿ ಮಾತ್ರ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ’ ಎಂದಷ್ಟೇ ಉಳಿಯುತ್ತದೆ. ದುಡ್ಡು ಮುಗಿದಿತ್ತೋ, ಮನೆಯಲ್ಲೇ ಜೀವ ಹೋಗಲಿ ಎಂದು ಮುದುಕಿಯೇ ಕೇಳಿದ್ದಳೋ, ಹಿರಿಯಣ್ಣ ಪುಣೆಯಿಂದ ಫೋನಿನಲ್ಲಿ ತೀರ್ಮಾನ ಹೇಳಿದನೋ, ಯಾವುದೂ ಅಲ್ಲಿರುವುದಿಲ್ಲ. ಅದನ್ನು ಕಂಡವರು ನೀವು.

ಈ ದಾರಿಯಲ್ಲಿ ನರ್ಸುಗಳು ಹೊಸಬರೂ ಅಲ್ಲ. 1967ರಲ್ಲಿ ಲಂಡನ್ನಿನಲ್ಲಿ ಕೊನೆಗಾಲದ ರೋಗಿಗಳ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸೇ, ಡಾಕ್ಟರ್ ಆಗಿದ್ದು ಆಮೇಲೆ. ತೀವ್ರ ಕಾಯಿಲೆಯ ರೋಗಿಗಳ ಚಿಕಿತ್ಸೆ ಕುರಿತ ಅಮೆರಿಕದ ‘ಸಪೋರ್ಟ್’ ಅಧ್ಯಯನವನ್ನಂತೂ ತಪ್ಪದೆ ಓದಿ. ಐದು ಆಸ್ಪತ್ರೆ, 9,000ಕ್ಕೂ ಜಾಸ್ತಿ ರೋಗಿಗಳು. ಫಲಿತಾಂಶ ಬಂದದ್ದು 1995ರಲ್ಲಿ. ಎದೆ ಒತ್ತಿ ಬದುಕಿಸುವುದು ಬೇಡ ಎನ್ನುವ ರೋಗಿಗಳಿದ್ದರು. ಅವರ ಡಾಕ್ಟರುಗಳಲ್ಲಿ ಶೇ 47ರಷ್ಟು ಮಂದಿಗೆ ಮಾತ್ರ ಅದು ಗೊತ್ತಿತ್ತು. ಸರಿ, ತರಬೇತಿ ಕೊಟ್ಟ ನರ್ಸುಗಳನ್ನು ರೋಗಿ, ಮನೆಯವರು, ಡಾಕ್ಟರ್ ಇವರ ನಡುವೆ ನಿಲ್ಲಿಸಿ ಮಾತಾಡಿಸಿದರು. ಏನೂ ಬದಲಾಗಲಿಲ್ಲ! ಸೋತದ್ದನ್ನು ಮುಚ್ಚಿಡದೆ ಅಚ್ಚು ಹಾಕಿಸಿದರಲ್ಲ, ನನಗೆ ಹಿಡಿಸಿದ್ದು ಅದು. ಸುಮ್ನೆ ಮಾತಾಡಿಸಿದರೆ ಸಾಲದು ಎಂಬುದಾದರೂ ತಿಳಿಯಿತು.

ನಮ್ಮಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ‘ಲಿವಿಂಗ್ ವಿಲ್’ ಒಪ್ಪಿತು, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ. 2023ರಲ್ಲಿ ನಿಯಮ ಸಡಿಲಿಸಿತು. ಈಗ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಚಿಕಿತ್ಸೆ ನಿಲ್ಲಿಸಲು ಎರಡು ಮಂಡಳಿಗಳ ಒಪ್ಪಿಗೆ ಬೇಕು. ಎರಡರಲ್ಲೂ ಡಾಕ್ಟರುಗಳೇ. ಹಗಲೂ ರಾತ್ರಿ ಹಾಸಿಗೆ ಪಕ್ಕ ಇದ್ದ ನರ್ಸಿಗೆ ಅಲ್ಲಿ ಕುರ್ಚಿ ಇಲ್ಲ. ನಾನಾಗಿದ್ದರೆ ಥೀಸಿಸ್ ಇಲ್ಲಿಂದಲೇ ಶುರು ಮಾಡುತ್ತಿದ್ದೆ.

ಸಂಶೋಧನೆಯಿಂದ ಯಾರಿಗೂ ಅನ್ಯಾಯವಾಗದಂತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು ಪಡೆಯಿರಿ. ನೀವೇ ನೋಡಿಕೊಳ್ಳುತ್ತಿರುವ ರೋಗಿಯ ಮನೆಯವರನ್ನು ಸಂದರ್ಶನಕ್ಕೆ ಕೂರಿಸಬೇಡಿ, ಬೇಡ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ನಿಮ್ಮ ಕಡೆ ಉರ್ದು, ತೆಲುಗು, ಮರಾಠಿ ಆಡುವವರೂ ಬರುತ್ತಾರೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪಿಎಚ್‌ಡಿ ಇದೆ. ಗೈಡ್ ಹುಡುಕುವಾಗ, ವಾರ್ಡಿನಲ್ಲಿ ನೈಟ್ ಡ್ಯೂಟಿ ಮಾಡಿದವರಾ ಅಂತ ವಿಚಾರಿಸಿ.