ರಜೆ ಮುಗಿಸಿ ಬರುವ ಸಿಸ್ಟರ್‌ಗೆ ಯಾವ ಡ್ಯೂಟಿ ಹಾಕಲಿ?

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು, ಮುಂಬೈಯ ಮುಲುಂಡಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ಇನ್‌ಚಾರ್ಜ್ ಸಿಸ್ಟರ್. ನಮ್ಮ ಸ್ಟಾಫ್ ನರ್ಸ್ ಒಬ್ಬಳು, ಹುಬ್ಬಳ್ಳಿಯ ಹುಡುಗಿ, ಡೊಂಬಿವಲಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಖಿನ್ನತೆಯಿಂದ ಮೂರು ತಿಂಗಳು ರಜೆಯಲ್ಲಿದ್ದವಳು ಮುಂದಿನ ಸೋಮವಾರ ಡ್ಯೂಟಿಗೆ ಬರುತ್ತಾಳೆ. ‘ಫಿಟ್ ಇದ್ದರೆ ಎಲ್ಲ ಡ್ಯೂಟಿ ಮಾಡಲಿ, ಇಲ್ಲದಿದ್ದರೆ ಬರುವುದೇ ಬೇಡ’ ಎನ್ನುತ್ತಾರೆ ಮೇಟ್ರನ್. ಅವಳ ಪಾಲಿನ ನೈಟ್‌ಗಳನ್ನು ಮಾಡಿ ದಣಿದ ಉಳಿದವರು, ನಾನು ಸ್ವಲ್ಪ ರಿಯಾಯಿತಿ ತೋರಿಸಿದರೂ ‘ತುಮಚ್ಯಾ ಗಾವಚೀ ಆಹೇ ನಾ’ (ನಿಮ್ಮ ಊರಿನವಳಲ್ಲವೇ) ಎಂದು ಮುಖಕ್ಕೇ ಹೇಳುತ್ತಾರೆ. ಅವಳ ಕೈಯಲ್ಲಿ ಔಷಧ ತಪ್ಪೀತೆಂಬ ಹೆದರಿಕೆ ನನಗೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಮೇಟ್ರನ್ ಅವರ ಮಾತು ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಆದರೆ ಪೂರ್ತಿ ಫಿಟ್ ಮತ್ತು ಪೂರ್ತಿ ಅನ್‌ಫಿಟ್ ಇವೆರಡರ ನಡುವೆ ಏನೂ ಇಲ್ಲವೆಂದು ಅದು ಭಾವಿಸುತ್ತದೆ. ಮಾನಸಿಕ ಅನಾರೋಗ್ಯದ ನಂತರ ಕೆಲಸಕ್ಕೆ ಮರಳುವವರಿಗೆ ಚಿಕಿತ್ಸೆಯನ್ನು ಮುಂದುವರಿಸುತ್ತಲೇ ಕೆಲಸವನ್ನೂ ಹಂತಹಂತವಾಗಿ ಹೊಂದಿಸಿಕೊಡುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಮುಂದಿಡುತ್ತಿದೆ. ಆದ್ದರಿಂದ ನೀವು ಮೇಟ್ರನ್ ಬಳಿ ಕೇಳಬೇಕಾದದ್ದು ದಯೆಯನ್ನಲ್ಲ, ಅವಧಿ ಗೊತ್ತುಮಾಡಿದ ಒಂದು ಏರ್ಪಾಡನ್ನು. ಮೊದಲ ನಾಲ್ಕು ವಾರಗಳ ರೋಸ್ಟರ್ ಹೇಗಿರುತ್ತದೆಂದು ಬರೆದು, ಅದಕ್ಕೆ ಅವರ ಸಹಿ ಪಡೆಯಿರಿ. ಸಹಿ ಬಿದ್ದ ಕಾಗದವಿದ್ದರೆ ‘ನಿಮ್ಮ ಊರಿನವಳು’ ಎಂಬ ಮಾತಿನ ಹರಿತ ಅರ್ಧ ಕಡಿಮೆಯಾಗುತ್ತದೆ. ಇದೇ ಏರ್ಪಾಡು ನಾಳೆ ಸಾತಾರದವರಿಗೂ ಕೇರಳದವರಿಗೂ ಸಿಗುತ್ತದೆಂದು ಆ ಕಾಗದದಲ್ಲೇ ಬರೆದಿಟ್ಟರೆ ಉಳಿದರ್ಧವೂ ಹೋದೀತು. ಹಾಗೆಂದು ಆಕೆಯೊಡನೆ ಕನ್ನಡದಲ್ಲಿ ಮಾತಾಡುವುದನ್ನೇ ಬಿಡಬೇಕಾಗಿಲ್ಲ. ರೋಸ್ಟರಿನ ಮಾತು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರಲಿ, ಚಹಾದ ಹೊತ್ತಿನ ಮಾತು ನಿಮ್ಮಿಬ್ಬರಿಗೆ ಬಿಟ್ಟದ್ದು.

ಸೋಮವಾರದ ಹ್ಯಾಂಡೋವರ್ ಹೊತ್ತಿಗೆ ಹತ್ತು ಜನರೆದುರು ‘ಈಗ ಹೇಗಿದ್ದೀಯಾ?’ ಎಂದು ಕೇಳುವ ಬದಲು ಈ ವಾರವೇ ಒಮ್ಮೆ ಆಕೆಗೆ ಫೋನ್ ಮಾಡಿ. ಏನಾಗಿತ್ತು, ಯಾವ ಮಾತ್ರೆ ನಡೆಯುತ್ತಿದೆ ಎಂಬುದೆಲ್ಲ ಬೇಡ. ಯಾವ ಪಾಳಿ ಆದೀತು, ಯಾವ ಕೆಲಸಕ್ಕೆ ಅಂಜಿಕೆಯಿದೆ, ತನ್ನ ರಜೆಯ ಬಗ್ಗೆ ಉಳಿದವರಿಗೆ ಏನು ಹೇಳಿದರೆ ಆಕೆಗೆ ಸಮ್ಮತ ಎಂಬ ಮೂರು ವಿಷಯ ಸಾಕು. ಪಾಳಿಯ ವಿಷಯದಲ್ಲಿ ನಿಮ್ಮ ಊಹೆಯನ್ನು ನಂಬಬೇಡಿ. ಒಂಬತ್ತರಿಂದ ಐದರ ಜನರಲ್ ಡ್ಯೂಟಿ ಹಾಕಿದರೆ ಉಪಕಾರವಾಯಿತೆಂದು ನಮಗೆ ತೋರಬಹುದು, ಆದರೆ ಡೊಂಬಿವಲಿಯಿಂದ ಎಂಟು ಗಂಟೆಯ ಲೋಕಲ್‌ನಲ್ಲಿ ಬಾಗಿಲ ಕಂಬಕ್ಕೆ ಜೋತುಕೊಂಡು ಬರುವವರಿಗೆ ವಾರ್ಡು ಮುಟ್ಟುವ ಮೊದಲೇ ಅರ್ಧ ಜೀವ ಸೋತಿರುತ್ತದೆ. ಬೆಳಗಿನ ಏಳರ ಡ್ಯೂಟಿಗೆ ಗಾಡಿಯೇನೋ ಅಷ್ಟು ತುಂಬಿರುವುದಿಲ್ಲ, ಆದರೆ ರಾತ್ರಿಯ ಔಷಧದ ಮಂಪರು ಆ ಹೊತ್ತಿಗೆ ಇಳಿದಿರಬೇಕಲ್ಲ. ಆಕೆಗೆ ಹೊಂದುವುದು ಮಧ್ಯಾಹ್ನದ ಪಾಳಿಯೇ ಇರಬಹುದು. ನೈಟ್ ಮಾತ್ರ ಸದ್ಯಕ್ಕೆ ಬೇಡವೇ ಬೇಡ. ನಿದ್ರೆಯ ಹೊತ್ತು ಹಿಂದುಮುಂದಾದರೆ ತಹಬಂದಿಗೆ ಬಂದ ಮನಸ್ಸು ಮತ್ತೆ ಕದಡುವ ಸಂಭವ ಹೆಚ್ಚು.

ಫಿಟ್‌ನೆಸ್ ಸರ್ಟಿಫಿಕೇಟ್ ವಿಷಯದಲ್ಲಿ ಆಕೆಗೆ ನೀವೇ ಒಂದು ಮಾತು ತಿಳಿಸಿ: ‘ಇಷ್ಟು ವಾರ ರಾತ್ರಿ ಪಾಳಿ ಬೇಡ, ಸತತ ಡ್ಯೂಟಿ ಇಷ್ಟು ದಿನಕ್ಕೆ ಮೀರಬಾರದು’ ಎಂದು ವೈದ್ಯರಿಂದ ಬರೆಸಿ ತಂದರೆ ರೋಸ್ಟರ್ ಹಾಕುವವರಿಗೆ ಬೇಕಾದದ್ದು ಸಿಕ್ಕಿತು. ಆಕೆ ಚಿಕಿತ್ಸೆ ಪಡೆದದ್ದು ನಿಮ್ಮ ಆಸ್ಪತ್ರೆಯಲ್ಲೇ ಆಗಿದ್ದರೆ ಇನ್ನೊಂದು ಎಚ್ಚರ ಅಗತ್ಯ. ನಿಮ್ಮ ಲಾಗಿನ್‌ನಿಂದ ಆಕೆಯ ಕೇಸ್ ಪೇಪರ್ ತೆರೆಯಬಹುದೆಂಬ ಕಾರಣಕ್ಕೆ ಅದನ್ನು ತೆರೆಯುವ ಹಕ್ಕು ನಿಮಗೆ ಬರುವುದಿಲ್ಲ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ 23ನೆಯ ಕಲಮು ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ, ಮತ್ತು ರೋಗಿ ನರ್ಸ್ ಆದ ಮಾತ್ರಕ್ಕೆ ಆ ಹಕ್ಕು ತಪ್ಪಿಹೋಗದು.

ಔಷಧ ತಪ್ಪೀತೆಂಬ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಬಹುಶಃ ಆಕೆಯನ್ನು ಕಾಡುತ್ತಿರುವುದೂ ಅದೇ. ಪೊಟ್ಯಾಸಿಯಂ ಕ್ಲೋರೈಡ್, ಇನ್ಸುಲಿನ್, ಹೆಪಾರಿನ್‌ನಂಥ, ಪ್ರಮಾಣ ತಪ್ಪಿದರೆ ಅಪಾಯವಾಗುವ ಔಷಧ ಕೊಡುವ ಮೊದಲು ಇಬ್ಬರು ಸ್ವತಂತ್ರವಾಗಿ ಲೆಕ್ಕ ನೋಡಬೇಕೆಂಬುದು ಐಸಿಯುವಿನಲ್ಲಿ ರೂಢಿಯಲ್ಲಿರುವ ಕ್ರಮ, ಗದ್ದಲದಲ್ಲಿ ಎರಡನೆಯ ಸಹಿ ಆಮೇಲೆ ಬೀಳುವುದೂ ನಿಮಗೆ ಗೊತ್ತಿರುವ ಸಂಗತಿ. ಈ ಸೋಮವಾರದಿಂದ ಆ ಕ್ರಮ ಇಡೀ ವಾರ್ಡಿಗೆ, ನಿಮಗೂ ಸೇರಿ, ಚಾಚೂ ತಪ್ಪದೆ ನಡೆಯಲಿ. ಆಗ ಆಕೆಯೊಬ್ಬರ ಸಿರಿಂಜ್ ಪಂಪಿನ ಮೇಲಷ್ಟೇ ಕಣ್ಣಿಟ್ಟಂತಾಗುವುದಿಲ್ಲ. ಮೊದಲ ಎರಡು ವಾರ ಎಣಿಕೆಗೆ ಹೊರತಾದ ಹೆಚ್ಚುವರಿ ಕೈಯಾಗಿ ಇರಿಸಿಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಸ್ಟಾಫ್ ಕಡಿಮೆಯಿದ್ದರೆ ವೆಂಟಿಲೇಟರ್ ಇಲ್ಲದ, ಸ್ಥಿರವಾಗಿರುವ ಒಬ್ಬ ರೋಗಿಯನ್ನು ಒಪ್ಪಿಸಿ. ಸ್ಟೋರಿನ ಇಂಡೆಂಟ್ ಬರೆಯಲು ಕೂರಿಸುವುದು ಮಾತ್ರ ಬೇಡ. ಅದು ವಿಶ್ರಾಂತಿಯ ಹೆಸರಿನಲ್ಲಿ ಮಾಡುವ ಹಿಂಬಡ್ತಿ, ನರ್ಸ್‌ಗಳಿಗೆ ಅದು ತಕ್ಷಣ ಅರ್ಥವಾಗುತ್ತದೆ.

ಉಳಿದವರ ಸಿಟ್ಟು ಸುಳ್ಳಲ್ಲ, ಆದರೆ ಅದರ ಗುರಿ ತಪ್ಪಿದೆ. ಮೂರು ತಿಂಗಳು ಬದಲಿ ಸಿಬ್ಬಂದಿಯನ್ನು ಕೊಡದೆ, ಉಳಿದ ಸಿಸ್ಟರ್‌ಗಳ ಮೇಲೇ ನೈಟ್ ಹೇರಿದ್ದು ಆಡಳಿತ. ಅವರಿಗೆ ಬಾಕಿಯಿರುವ ಕಾಂಪೆನ್ಸೇಟರಿ ಆಫ್‌ಗಳನ್ನು (ಹೆಚ್ಚುವರಿ ಡ್ಯೂಟಿಗೆ ಬದಲಾಗಿ ಸಿಗಬೇಕಾದ ರಜೆಗಳನ್ನು) ಲೆಕ್ಕಹಾಕಿ ಮೇಟ್ರನ್‌ಗೆ ಲಿಖಿತವಾಗಿ ಕೊಡಿ, ಕೊಟ್ಟದ್ದನ್ನು ಅವರಿಗೂ ತೋರಿಸಿ. ಆಕೆಯ ಕಾಯಿಲೆಯನ್ನು ವಿವರಿಸಿ ಅವರ ಕನಿಕರ ಗಿಟ್ಟಿಸಲು ಹೋಗಬೇಡಿ. ಅವರಲ್ಲೂ ಯಾರಾದರೂ ಸೋತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಆ ಸಂಖ್ಯೆ ನಿಮಗೂ ಇರಲಿ.

ಡ್ಯೂಟಿಯ ನಡುವೆ ಕಷ್ಟವೆನಿಸಿದರೆ ಯಾರಿಗೆ ಹೇಳಬೇಕು, ಕಾಲು ಗಂಟೆ ರೋಗಿಯನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಆಕೆಯೊಡನೆ ಮೊದಲೇ ಗೊತ್ತುಮಾಡಿಕೊಳ್ಳಿ. ನಾಲ್ಕನೆಯ ವಾರದ ಕೊನೆಗೆ ಮೇಟ್ರನ್, ನೀವು, ಆಕೆ ಮೂವರೂ ಕುಳಿತು, ವೈದ್ಯರ ಹೊಸ ಚೀಟಿಯನ್ನು ಮುಂದಿಟ್ಟುಕೊಂಡು, ಮೊದಲ ನೈಟ್ ಯಾವಾಗ ಎಂಬುದನ್ನು ತೀರ್ಮಾನಿಸಿ.